ಇನ್ನೆಂಟು ಪಾಯಿಂಟ್

ರೂಪೇಶ ತೀರಿಕೊಂಡದ್ದು ಕಳೆದ ವರ್ಷದ ವಿಜಯದಶಮಿಯ ದಿನ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಭದ್ರಾವತಿಯ ಕಾಗದನಗರದ ಬಾಲ್ ಬ್ಯಾಡ್ಮಿಂಟನ್ ಅಂಗಳದಲ್ಲಿ. ಅವನಿಗೆ ನಲವತ್ತೆಂಟು ವರ್ಷ. ನನಗೂ ಅಷ್ಟೇ. ಆವತ್ತು ನಮ್ಮ ತಂಡದ ಕ್ಯಾಪ್ಟನ್ ನಾನಾಗಿದ್ದೆ.

ನಮ್ಮಿಬ್ಬರ ಅಪ್ಪಂದಿರೂ ಕಾಗದದ ಕಾರ್ಖಾನೆಯಲ್ಲಿದ್ದವರು. ನಮ್ಮಪ್ಪ ಜನಾರ್ದನ ಆಫೀಸಿನಲ್ಲಿ ಗುಮಾಸ್ತ, ಅವನಪ್ಪ ಸಿದ್ದಯ್ಯ ಬಾಯ್ಲರ್ ಕಡೆ. ಕ್ವಾರ್ಟರ್ಸಿನಲ್ಲಿ ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಒಂದು ರಸ್ತೆ. ಸಂಜೆ ಶಿಫ್ಟ್ ಮುಗಿಸಿ ಬಂದವರು ಪ್ಯಾಂಟು ಮಡಚಿಕೊಂಡು ಆಡುತ್ತಿದ್ದ ಆಟ ಬಾಲ್ ಬ್ಯಾಡ್ಮಿಂಟನ್. ಒಂದೊಂದು ಕಡೆ ಐದು ಜನ, ಹಳದಿ ಉಲ್ಲನ್ನಿನ ಪುಟ್ಟ ಚೆಂಡು, ನೀರು ಚಿಮುಕಿಸಿ ಗಟ್ಟಿ ಮಾಡಿದ ಮಣ್ಣಿನ ಅಂಗಳ. ಆಚೆ ಬಿದ್ದ ಚೆಂಡು ತಂದುಕೊಡುತ್ತ ತಂದುಕೊಡುತ್ತ ನಾವಿಬ್ಬರೂ ಆಟ ಕಲಿತೆವು. ರೂಪೇಶ ಹಿಂದೆ ನಿಂತರೆ ಚೆಂಡು ಅವನನ್ನು ದಾಟಿ ನೆಲ ಮುಟ್ಟುವುದು ಅಪರೂಪವಾಗಿತ್ತು. ನಾನು ಮುಂದೆ, ನೆಟ್‌ನ ಹತ್ತಿರ. ಹಿಂದೆ ಅವನಿದ್ದಾನೆ ಎನ್ನುವ ಧೈರ್ಯದ ಮೇಲೆ ನಾನು ನನ್ನ ಇಡೀ ಆಟ ಆಡಿದ್ದು.

ನಾನು ಓದಿಕೊಂಡು ಶಿವಮೊಗ್ಗದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್ ಆದೆ. ವಿನೋಬನಗರದಲ್ಲಿ ಮನೆ ಮಾಡಿದೆ. ರೂಪೇಶ ಅಪ್ಪನ ಕಾರ್ಖಾನೆಯಲ್ಲೇ ಎಲೆಕ್ಟ್ರಿಷಿಯನ್ ಆಗಿ ಸೇರಿದ. ಕಾರ್ಖಾನೆ ನಿಂತ ಮೇಲೆ ಮಲವಗೊಪ್ಪದಲ್ಲಿ, ಹೈವೇಗೆ ಮುಖ ಮಾಡಿ, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ವಾಣಿ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರ್. ಮಗಳು ಕವನಾ, ತಾಯಿ ಪುಷ್ಪಮ್ಮ. ಭಾನುವಾರ ಬೆಳಗ್ಗೆ ನಾನು ಸ್ಕೂಟರ್ ಹತ್ತಿ ಹೊರಟರೆ ಅವನು ಅಂಗಡಿ ಮುಂದೆ ರ‍್ಯಾಕೆಟ್ ಹಿಡಿದು ಕಾಯುತ್ತಿದ್ದ. ಇಬ್ಬರೂ ಕಾಗದನಗರಕ್ಕೆ ಹೋಗಿ, ಬಿಸಿಲೇರುವ ತನಕ ಆಡಿ, ಬರುವಾಗ ಒಂದು ಕಡೆ ಚಹಾ ಕುಡಿದು ವಾಪಸಾಗುತ್ತಿದ್ದೆವು. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು ಈ ಪದ್ಧತಿಗೆ.

ಆ ದಸರಾಕ್ಕೆ ನಲವತ್ತೈದು ದಾಟಿದವರಿಗೆ ಅಂತಲೇ ಒಂದು ಟೂರ್ನಮೆಂಟ್ ಇಟ್ಟಿದ್ದರು. ನಮ್ಮ ತಂಡದಲ್ಲಿ ಹಿಂದೆ ಆಡಬೇಕಿದ್ದವನಿಗೆ ಆಯುಧಪೂಜೆಯ ದಿನ ಸೊಂಟ ಹಿಡಿದುಕೊಂಡಿತು. ರಾತ್ರಿ ಒಂಬತ್ತಕ್ಕೆ ನಾನು ರೂಪೇಶನಿಗೆ ಫೋನ್ ಮಾಡಿದೆ. ಅವನು ಈ ಟೂರ್ನಮೆಂಟಿಗೆ ಬರುವುದಿಲ್ಲ ಅಂತ ಮೊದಲೇ ಹೇಳಿದ್ದ. ಯಾಕೆ ಅಂತ ನಾನು ಕೇಳಿರಲಿಲ್ಲ.

"ನಾಳೆ ಕಷ್ಟ ಮಾರಾಯ," ಅಂದ.

"ಸೆಮಿಫೈನಲ್ ಇದು. ಹಿಂದೆ ಯಾರನ್ನ ನಿಲ್ಲಿಸ್ಲಿ? ಸಿದ್ದೂನ ನಿಲ್ಲಿಸ್ಲಾ?"

ಸಿದ್ದು ನಮ್ಮ ಜೊತೆಯವನೇ, ಗ್ಯಾರೇಜಿನವನು. ತಂಡದ ಬದಲಿ ಆಟಗಾರ. ಒಳ್ಳೆಯವನು, ಆದರೆ ಅವನ ಕೈಗೆ ಬಂದ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಅವನಿಗೇ ಗೊತ್ತಿರುತ್ತಿರಲಿಲ್ಲ. ರೂಪೇಶ ನಕ್ಕ. ಹಿನ್ನೆಲೆಯಲ್ಲಿ ಯಾರೋ ಏನೋ ಹೇಳಿದ್ದು ಕೇಳಿಸಿತು.

"ಸರಿ, ಬರ್ತೀನಿ," ಅಂದ.

ಮರುದಿನ ಎಂಟಕ್ಕೆ ನಾನು ಮಲವಗೊಪ್ಪಕ್ಕೆ ಹೋದಾಗ ಅಂಗಡಿಯ ಶಟರ್ ಇಳಿದಿತ್ತು. ಹಿಂದಿನ ದಿನ ಪೂಜೆಗೆ ಒಡೆದ ಬೂದುಗುಂಬಳದ ಚೂರುಗಳು ರಸ್ತೆಯ ಬದಿ ಬಿದ್ದಿದ್ದವು. ಎಂದಿನಂತೆ ವಾಣಿ ಬಾಗಿಲಿಗೆ ಬಂದು "ಬನ್ನಿ ಪ್ರಸಾದಣ್ಣ, ಕಾಫಿ ಕುಡ್ಕೊಂಡು ಹೋಗಿ" ಅನ್ನಲಿಲ್ಲ. ನಾನು ಅದನ್ನು ಗಮನಿಸಿದೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ. ಅವನು ಗೇಟು ಹಾಕಿ ಬಂದು ನನ್ನ ಹಿಂದೆ ಕೂತ.

"ತಿಂಡಿ ಆಯ್ತೇನೋ?"

"ಇಲ್ಲ. ಅಲ್ಲೇ ಏನಾದ್ರೂ ತಿಂದ್ರಾಯ್ತು. ನಡಿ."

ದಾರಿಯುದ್ದಕ್ಕೂ ಅವನು ಹೆಚ್ಚು ಮಾತಾಡಲಿಲ್ಲ. ಅಲ್ಲಿ ತಿನ್ನುವುದಕ್ಕೂ ಪುರುಸೊತ್ತಾಗಲಿಲ್ಲ.

ಎದುರಿದ್ದದ್ದು ಹೊಸದುರ್ಗದ ತಂಡ. ಮೊದಲ ಗೇಮ್ ಅವರದ್ದು, ಎರಡನೆಯದು ನಮ್ಮದು. ಮೂರನೆಯದರಲ್ಲಿ ನಾವು ಇಪ್ಪತ್ತೇಳು ತಲುಪಿದಾಗ ಅವರದು ಇಪ್ಪತ್ತಾರು. ಇಪ್ಪತ್ತೇಳಕ್ಕೆ ಅಂಗಳದ ಬದಿ ಬದಲಿಸಬೇಕು, ಮೂವತ್ತೈದಕ್ಕೆ ಆಟ ಮುಗಿಯುತ್ತದೆ. ಬದಿ ಬದಲಿಸುವಾಗ ರೂಪೇಶ ನೆಟ್ಟಿನ ಕಂಬದ ಹತ್ತಿರ ನನ್ನನ್ನು ನಿಲ್ಲಿಸಿದ. ಮುಖ ಬಿಳಿಚಿಕೊಂಡಿತ್ತು. ಬೆವರು ಎಲ್ಲರಿಗೂ ಬಂದಿತ್ತು, ಅವನ ಬೆವರು ಬೇರೆ ಥರ ಇತ್ತು. ಇದನ್ನು ಈಗ ಹೇಳುತ್ತಿದ್ದೇನೆ. ಆಗ ಅನ್ನಿಸಿತ್ತೋ ಇಲ್ಲವೋ ಅಂತ ನನ್ನನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

"ಪ್ರಸಾದ, ಎಡಗೈ ಯಾಕೋ ಭಾರ ಆಗ್ತಿದೆ ಕಣೋ. ಎದೆ ಹಿಡ್ಕೊಂಡಂಗಿದೆ. ಸಿದ್ದೂನ ಇಳಿಸು."

ನಾನು ಹೇಳಿದ್ದು ಇಷ್ಟು: "ಖಾಲಿ ಹೊಟ್ಟೇಲಿ ಬಂದಿದೀಯ, ಗ್ಯಾಸು ಅದು. ಎಡಗೈ ತಾನೇ? ನೀನು ಆಡೋದು ಬಲಗೈಲಿ. ಇನ್ನೆಂಟು ಪಾಯಿಂಟ್ ಮಾರಾಯ, ಆಡ್ಬಿಡು."

ಅವನು ನಕ್ಕ. ಅಂಗಿಯ ತುದಿಯಿಂದ ಮುಖ ಒರೆಸಿಕೊಂಡು ಹಿಂದಕ್ಕೆ ಹೋಗಿ ನಿಂತ.

ನಾವು ಮೂವತ್ತೈದು-ಮೂವತ್ತೆರಡರಲ್ಲಿ ಗೆದ್ದೆವು. ಆ ಎಂಟರಲ್ಲಿ ಮೂರು ಅವನದೇ. ಕೊನೆಯ ಚೆಂಡು ಎದುರಿನವರ ನೆಲಕ್ಕೆ ಬಿದ್ದಾಗ ನಾನು ಎರಡೂ ಕೈ ಮೇಲೆತ್ತಿ ಕೂಗಿ, ನೆಟ್‌ನ ಆಚೆಯವರ ಕೈ ಕುಲುಕುತ್ತಿದ್ದೆ. ಹಿಂದಿನಿಂದ ಸಿದ್ದು "ಏಯ್, ಏಯ್" ಅಂದ. ತಿರುಗಿ ನೋಡಿದರೆ ರೂಪೇಶ ಗೆರೆಯ ಹೊರಗೆ ಮೊಣಕಾಲೂರಿ ಕೂತಿದ್ದ, ರ‍್ಯಾಕೆಟ್ ಇನ್ನೂ ಕೈಯಲ್ಲಿತ್ತು. ನಾವು ಹತ್ತಿರ ಹೋಗುವಷ್ಟರಲ್ಲಿ ಪಕ್ಕಕ್ಕೆ ಒರಗಿದ.

ಸಿದ್ದುವಿನ ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿದೆವು. ಎದೆ ಒತ್ತುವುದು ಹೇಗೆ ಅಂತ ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ನಾನೇ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನು. ಗಟ್ಟಿ ನೆಲದ ಮೇಲೆ ಮಲಗಿಸಬೇಕು, ಸಮಯ ಹಾಳು ಮಾಡದೆ ಅಲ್ಲೇ ಶುರು ಮಾಡಬೇಕು ಅಂತ ಬೋರ್ಡಿನ ಮೇಲೆ ಬರೆಸಿದ್ದೆ. ಅಂಗಳದಲ್ಲಿ ಅದೊಂದೂ ನೆನಪಾಗಲಿಲ್ಲ. ಕಾರಿನಲ್ಲಿ ನೆನಪಾಯಿತು. ಎರಡು ಸೀಟುಗಳ ನಡುವೆ ಕಾಲು ಮಡಚಿಕೊಂಡು ಒತ್ತಿದೆ. ನಾನು ಒತ್ತಿದಷ್ಟೂ ಸೀಟು ಕೆಳಗೆ ಹೋಗುತ್ತಿತ್ತು, ಅವನೂ ಅದರ ಜೊತೆಗೆ ಹೋಗುತ್ತಿದ್ದ.

ಆಸ್ಪತ್ರೆಯ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಆಕೆ ತಾನು ಮಾಡಬೇಕಾದ್ದನ್ನೆಲ್ಲ ಮಾಡಿದಳು. ಆಮೇಲೆ ಹೊರಗೆ ಬಂದು, "ತರೋ ಮುಂಚೇನೇ ಹೋಗ್ಬಿಟ್ಟಿದಾರೆ ಸರ್" ಅಂದಳು.

ಕಾರಿಡಾರಿನಲ್ಲಿ ಸಿದ್ದು ನನ್ನ ಪಕ್ಕ ನಿಂತಿದ್ದ. "ಸೈಡ್ ಚೇಂಜ್ ಆಗೋವಾಗ ಅವ್ನು ನಿನ್ ಹತ್ರ ಏನೋ ಹೇಳ್ತಿದ್ದ. ಎದೆ ಮೇಲೆ ಕೈ ಇಟ್ಕೊಂಡು. ಏನಂದ?"

"ನೀರು ಕೇಳ್ದ," ಅಂದೆ.

ಸಿದ್ದು ನನ್ನ ಮುಖ ನೋಡಿದ.

ಅರ್ಧ ಗಂಟೆಯಲ್ಲಿ ವಾಣಿ, ಕವನಾ ಬಂದರು. ವಾಣಿ ಒಳಗೆ ಹೋಗಿ ನೋಡಿ ಬಂದಳು. ಅಳಲಿಲ್ಲ. ನೇರ ನನ್ನ ಹತ್ತಿರ ಬಂದು ಕೇಳಿದಳು, "ಮೊದ್ಲೇ ಏನಾದ್ರೂ ಆಗ್ತಿತ್ತಾ ಪ್ರಸಾದಣ್ಣ? ನೋವು ಗೀವು ಅಂತ ಏನಾದ್ರೂ ಹೇಳಿದ್ರಾ?"

"ಇಲ್ಲ. ಏನೂ ಹೇಳ್ಲಿಲ್ಲ ವಾಣಿ. ಚೆನ್ನಾಗೇ ಆಡ್ತಿದ್ದ. ಒಂದೇ ಸಲಕ್ಕೆ..."

ಸಿದ್ದುವಿಗೆ ಹೇಳಿದ ಸುಳ್ಳನ್ನು ಹೆದರಿ ಹೇಳಿದ್ದೆ. ಇದನ್ನು ಹಾಗೆ ಹೇಳಲಿಲ್ಲ. ಇದನ್ನು ಅವಳ ಕಣ್ಣು ನೋಡಿಕೊಂಡೇ ಹೇಳಿದೆ.

ಮಲವಗೊಪ್ಪದ ಆಚೆ ಅವರ ಜಮೀನಿನಲ್ಲಿ ಅವನನ್ನು ಮಣ್ಣು ಮಾಡಿದೆವು. ಹನ್ನೊಂದನೆಯ ದಿನ ಪುಷ್ಪಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, "ನೀನು ಹತ್ರ ಇದ್ದೆಯಲ್ಲಪ್ಪಾ ಪ್ರಸಾದು, ನನ್ ಮಗ ಒಬ್ನೇ ಹೋಗ್ಲಿಲ್ಲ" ಅಂದಳು. ನಾನು ತಲೆ ಬಗ್ಗಿಸಿದೆ. ನೋಡಿದವರು ಅದನ್ನು ದುಃಖ ಅಂದುಕೊಂಡರು. ದುಃಖವೂ ಇತ್ತು.

ಆಮೇಲೆ ನನ್ನ ರಾತ್ರಿಗಳು ಹೋದವು. ಹನ್ನೊಂದಕ್ಕೆ ಮಲಗಿದರೆ ಒಂದೂವರೆಗೋ ಎರಡಕ್ಕೋ ಎಚ್ಚರ. ಪಕ್ಕದಲ್ಲಿ ನನ್ನ ಹೆಂಡತಿ ಶ್ರೀಗೌರಿ ನಿದ್ದೆಯಲ್ಲಿರುತ್ತಿದ್ದಳು. ನಾನು ಹಾಲ್‌ಗೆ ಬಂದು ಸದ್ದು ತೆಗೆದು ಫೋನಿನಲ್ಲಿ ಹಳೆಯ ಕ್ರಿಕೆಟ್ ಮ್ಯಾಚ್ ನೋಡುತ್ತ ಕೂರುತ್ತಿದ್ದೆ. ಯಾರು ಗೆದ್ದರು ಅಂತ ಗೊತ್ತಿರುವ ಮ್ಯಾಚುಗಳು. ನೋಡುತ್ತ ನೋಡುತ್ತ ತಲೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ಆಟದಲ್ಲಿ ಗಾಯಗೊಂಡೂ ಆಡಿದವರನ್ನು ನಾವು ಯಾಕಿಷ್ಟು ಹೊಗಳುತ್ತೇವೆ? ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲಿಂಗ್ ಮಾಡಿದವನ ಕಥೆಯನ್ನು ನಾನೇ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿಲ್ಲ! ಅವತ್ತು ಅವನ ಕ್ಯಾಪ್ಟನ್ ಏನಂದಿರಬಹುದು? ಆ ಕ್ಯಾಪ್ಟನ್ ಆಮೇಲೆ ನಿದ್ದೆ ಮಾಡಿದ, ಯಾಕೆಂದರೆ ಬೌಲರ್ ಬದುಕಿದ್ದ. ಹೆಚ್ಚೂಕಡಿಮೆ ವ್ಯತ್ಯಾಸ ಇರುವುದು ಅಷ್ಟರಲ್ಲೇ ಅನ್ನಿಸುತ್ತಿತ್ತು. ಬೆಳಗಾದ ಮೇಲೆ ಇದೇ ಯೋಚನೆ ನೆಪದ ಥರ ಕಾಣುತ್ತಿತ್ತು. ಇನ್ನು ಕೆಲವು ರಾತ್ರಿ ತೀರಾ ಸಣ್ಣ ವಿಷಯಗಳು. ಅವನ ಸ್ಕೂಟರ್ ಹೆಲ್ಮೆಟ್ ನಮ್ಮನೆಯಲ್ಲೇ ಉಳಿದಿದೆಯಲ್ಲ, ಕೊಡುವುದು ಹೇಗೆ? ಸಿದ್ದುವನ್ನು ಇಳಿಸಿದ್ದರೆ ನಾವು ಸೋಲುತ್ತಿದ್ದೆವಾ? ಸೋಲುತ್ತಿರಲಿಲ್ಲವೇನೋ. ಮೂರು ಪಾಯಿಂಟ್ ಅಂತರ ಇತ್ತು.

ಫೈನಲ್ ನಾವು ಆಡಲಿಲ್ಲ. ಎರಡನೆಯ ಸ್ಥಾನದ ಕಪ್ಪನ್ನು ಸಿದ್ದುವಿನ ಕೈಯಲ್ಲಿ ಕಳಿಸಿದ್ದರು. ಅವನು ಅದನ್ನು ಗ್ಯಾರೇಜಿನಲ್ಲಿ ಎಲ್ಲೋ ಇಟ್ಟಿದ್ದಾನಂತೆ.

ಡಿಸೆಂಬರಿನಲ್ಲಿ ಫಸ್ಟ್ ಪಿಯುಸಿಗೆ ರಕ್ತ ಪರಿಚಲನೆಯ ಪಾಠ ಬಂತು. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿರುವ ಪಾಠ. ಹೃದಯದ ಚಿತ್ರವನ್ನು ನಾನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ನಾಲ್ಕು ಕೋಣೆ, ಕವಾಟಗಳು, ಮಹಾಪಧಮನಿ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ ಅಂತ ಹೇಳಿದಾಗ ಪ್ರತಿ ವರ್ಷದ ಹಾಗೆ ಮಕ್ಕಳು "ಓ" ಅಂದರು. ಮುಂದಿನ ಪುಟದಲ್ಲಿ ಹೃದಯದ ಕಾಯಿಲೆಗಳು. ಹಿಂದಿನ ಬೆಂಚಿನ ಒಬ್ಬಳು ಎದ್ದು, "ಸರ್, ಹಾರ್ಟ್ ಅಟ್ಯಾಕ್ ಆಗೋ ಮುಂಚೆ ಗೊತ್ತಾಗುತ್ತಾ ಸರ್?" ಅಂದಳು.

"ಗೊತ್ತಾಗುತ್ತಮ್ಮ. ಎದೆ ಹಿಡ್ಕೊಂಡಂಗಾಗುತ್ತೆ. ಎಡಗೈ ಭಾರ ಆಗಬಹುದು. ತಣ್ಣನೆ ಬೆವರು."

"ಆಗ ಏನ್ ಮಾಡ್ಬೇಕು ಸರ್?"

ಚಾಕ್ ಪೀಸ್ ಕೆಳಗಿಟ್ಟು ನಾನು ಕ್ಲಾಸಿನಿಂದ ಹೊರಗೆ ಬಂದೆ. ಸ್ಟಾಫ್ ರೂಮಿನಲ್ಲಿ ಬಿಪಿ ಇರಬೇಕು ಅಂದರು. ಮನೆಗೆ ಕಳಿಸಿದರು.

ಮಲವಗೊಪ್ಪಕ್ಕೆ ಹೋಗುವುದನ್ನು ಮಾತ್ರ ನಾನು ಬಿಡಲಿಲ್ಲ. ಬದಲಾಗಿ ಹೆಚ್ಚಾಯಿತು. ಮರಣ ಪತ್ರಕ್ಕೆ ಓಡಾಡಿದೆ. ಅಂಗಡಿಯಲ್ಲಿ ರಿಪೇರಿಗೆ ಬಂದು ಉಳಿದಿದ್ದ ಮೋಟಾರುಗಳನ್ನು ಅವರವರಿಗೆ ಫೋನ್ ಮಾಡಿ ತಲುಪಿಸಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕವನಾಗೆ ವಿಜ್ಞಾನ ಹೇಳಿಕೊಟ್ಟೆ. ವಾಣಿ ಪ್ರತಿ ಸಲವೂ ಬಾಗಿಲ ತನಕ ಬಂದು, "ನೀವಿಲ್ದಿದ್ರೆ ಏನ್ ಮಾಡ್ತಿದ್ವೋ ಪ್ರಸಾದಣ್ಣ" ಅನ್ನುತ್ತಿದ್ದಳು. ಅವಳು ಇಳಿದುಹೋಗಿದ್ದಳು. ಮಾತಿನ ಮಧ್ಯೆ ಎಲ್ಲೋ ನೋಡುತ್ತ ನಿಂತುಬಿಡುತ್ತಿದ್ದಳು. ಗಂಡನನ್ನು ಕಳೆದುಕೊಂಡವಳು, ಅದು ಸಹಜ ಅಂತ ನಾನು ತಿಳಿದಿದ್ದೆ.

ಶ್ರೀಗೌರಿಗೆ ಏನೋ ಇದೆ ಅಂತ ಗೊತ್ತಾಗಿತ್ತು. ಒಂದು ರಾತ್ರಿ ಹಾಲ್‌ಗೆ ಬಂದು ಎದುರು ಕೂತಳು.

"ಏನದು ಹೇಳ್ರಿ. ಆರು ತಿಂಗ್ಳಾಯ್ತು ನೀವು ಸರಿಯಾಗಿ ಮಲಗಿ."

ಅವಳಿಗೆ ಎಲ್ಲ ಹೇಳಿದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಅವಳು ಕೊನೆಯ ತನಕ ಕೇಳಿದಳು. ಆಮೇಲೆ, "ವಾಣಿಗೆ ಹೇಳ್ಬೇಡಿ. ಹೇಳಿದ್ರೆ ಅವ್ಳಿಗೇನು ಸಿಗುತ್ತೆ? ನಿಮ್ ಭಾರ ಇಳಿಯುತ್ತೆ, ಅಷ್ಟೇ" ಅಂದಳು. ಆ ಮಾತು ನನಗೆ ಅನುಕೂಲವಾಗಿತ್ತು. ಒಪ್ಪಿಕೊಂಡೆ.

ಏಪ್ರಿಲ್ ಕೊನೆಯಲ್ಲಿ ಸಿದ್ದು ಒತ್ತಾಯ ಮಾಡಿ ನನ್ನನ್ನು ಮತ್ತೆ ಆಟಕ್ಕೆ ಕರೆದ. ಅಂಗಳಕ್ಕೆ ಇಳಿಯಲಿಲ್ಲ, ಕುರ್ಚಿ ಹಾಕಿಕೊಂಡು ಪಾಯಿಂಟ್ ಲೆಕ್ಕ ಇಡುತ್ತ ಕೂತಿದ್ದೆ. ಕಾಲೇಜಿನ ನನ್ನ ಸಹೋದ್ಯೋಗಿ ಮಧುಸೂದನ ಹೊಸದಾಗಿ ಆಡಲು ಬರುತ್ತಿದ್ದ. ಒಂದು ಹೊಡೆತ ಹೊಡೆದು ಭುಜ ಹಿಡಿದುಕೊಂಡು ನಿಂತ. "ಎಡಗೈ ಜೋಮು ಹಿಡ್ದಂಗಾಗ್ತಿದೆ" ಅಂದ. ನಾನು ಎದ್ದು ಆಟ ನಿಲ್ಲಿಸಿದೆ. ಅವನು ಬೇಡ ಬೇಡ ಅಂದರೂ ಸಿದ್ದುವಿನ ಕಾರಿಗೆ ಹತ್ತಿಸಿ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಸಿಜಿ, ರಕ್ತ ಪರೀಕ್ಷೆ, ಎಲ್ಲ ಆಯಿತು. ಏನೂ ಇಲ್ಲ, ಸ್ನಾಯು ಹಿಡಿದುಕೊಂಡಿದೆ ಅಂದರು. ಮಧುಸೂದನ ನಗುತ್ತ ಹೊರಗೆ ಬಂದ. "ಒಂದು ಭಾನುವಾರ ಹಾಳ್ಮಾಡ್ದೆ ಮಾರಾಯ" ಅಂತ ತಮಾಷೆ ಮಾಡಿದ. ಅವನ ಹೆಂಡತಿ ಪ್ರಿಯಂವದಾ ಆಟೋದಲ್ಲಿ ಓಡಿಬಂದಿದ್ದಳು. ಅವನು ನಗುತ್ತಿರುವುದನ್ನು ನೋಡಿ ಗೋಡೆಗೆ ಒರಗಿ ಅತ್ತುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದಳು.

ಯಾರೂ ನನಗೆ ಅಷ್ಟು ಶ್ರದ್ಧೆಯಿಂದ ಕೈ ಮುಗಿದಿರಲಿಲ್ಲ. ಅವತ್ತು ಸಂಜೆಯೇ ನಾನು ಮಲವಗೊಪ್ಪಕ್ಕೆ ಹೋದೆ. ಶ್ರೀಗೌರಿಗೆ ಹೇಳಲಿಲ್ಲ.

ಬೇಸಿಗೆ ರಜೆ ಶುರುವಾಗಿತ್ತು. ಕವನಾ ದಾವಣಗೆರೆಯ ದೊಡ್ಡಮ್ಮನ ಮನೆಗೆ ಹೋಗಿದ್ದಳು. ಪುಷ್ಪಮ್ಮ ಒಳಗೆ ಮಲಗಿದ್ದಳು. ವಾಣಿ ಹಿತ್ತಿಲ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಆರಿಸುತ್ತಿದ್ದಳು. ಕುರ್ಚಿ ತರಲು ಎದ್ದಳು, ನಾನು ಬೇಡ ಅಂದೆ.

"ವಾಣಿ, ಅವತ್ತು ನಾನು ನಿಮ್ಗೆ ಸುಳ್ಳು ಹೇಳಿದ್ದೆ."

ಅವಳು ಮೊರ ಕೆಳಗಿಟ್ಟಳು.

ನಾನು ನಿಂತೇ ಹೇಳಿದೆ. ಇಪ್ಪತ್ತೇಳನೆಯ ಪಾಯಿಂಟ್, ನೆಟ್ಟಿನ ಕಂಬ, ಅವನಂದದ್ದು, ನಾನಂದದ್ದು. ಎಡಗೈ ಬಲಗೈಯ ತಮಾಷೆಯನ್ನೂ ಬಿಡಲಿಲ್ಲ. ಅದನ್ನು ಬಿಟ್ಟು ಹೇಳುವುದು ಹೇಗೆ ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಹೇಳುವಾಗ ಬಿಡಲು ಆಗಲಿಲ್ಲ.

"ಆಗ ಅವ್ರು ಏನ್ ಮಾಡಿದ್ರು?"

"ನಕ್ಕ."

"ನಕ್ರಾ?"

"ಹೂಂ."

ಅವಳು ಅಕ್ಕಿಯ ಕಡೆ ನೋಡುತ್ತ ಕೂತಳು. ಹೈವೇಯಲ್ಲಿ ಲಾರಿಗಳು ಹೋಗುತ್ತಿದ್ದವು. ಅವಳು ಬೈಯುತ್ತಾಳೆ, ಅಳುತ್ತಾಳೆ ಅಂತ ನಾನು ಸಿದ್ಧನಾಗಿ ಬಂದಿದ್ದೆ. ಅವಳು ಮಾತಾಡಿದ್ದು ಬೇರೆ.

"ನಿಮ್ಗೆ ಗೊತ್ತಾ, ಅವತ್ತು ನಾವು ಮುರ್ಡೇಶ್ವರಕ್ಕೆ ಹೊರಡೋದಿತ್ತು."

ನನಗೆ ಗೊತ್ತಿರಲಿಲ್ಲ.

"ಕವನಾ ಸಮುದ್ರ ನೋಡಿಲ್ಲ. ಹತ್ತು ವರ್ಷದಿಂದ ಹೋಗೋಣ ಹೋಗೋಣ ಅಂತಿದ್ರು. ಈ ದಸರಾ ರಜೆಗೆ ಗ್ಯಾರಂಟಿ ಅಂದಿದ್ರು. ಬ್ಯಾಗೆಲ್ಲ ತುಂಬಿಟ್ಟಿದ್ದೆ. ರಾತ್ರಿ ನಿಮ್ ಫೋನ್ ಬಂತು."

"ವಾಣಿ, ನಂಗೊತ್ತಿದ್ರೆ..."

"ಕೇಳಿ. ಬೆಳಗ್ಗೆ ನಾನು ತಿಂಡಿ ಮಾಡ್ಲಿಲ್ಲ. ಬೇಕಂತ್ಲೇ ಮಾಡ್ಲಿಲ್ಲ. ಅವ್ರು ಅಡುಗೆಮನೆ ಬಾಗಿಲಿಗೆ ಬಂದು 'ನಾಳೆ ಹೋಗೋಣ ಕಣೇ' ಅಂದ್ರು. ನಾನು 'ಹೋಗ್ರೀ, ಆಟ ಆಡ್ಕೊಂಡು ಅಲ್ಲೇ ಇದ್ಬಿಡಿ, ಮನೆಗೆ ಬರ್ಬೇಡಿ' ಅಂದೆ." ಅವಳ ದನಿ ಏರಲಿಲ್ಲ. "ನಾನು ಅಂದಿದ್ದು ಅಷ್ಟೇ. ಅವ್ರು ಬರ್ಲಿಲ್ಲ."

ನಾನು ಏನೋ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು.

"ಏಳು ತಿಂಗ್ಳು, ಪ್ರಸಾದಣ್ಣ. ಏಳು ತಿಂಗ್ಳಿಂದ ನಾನು ಇದನ್ನೇ ತಿಂತಿದೀನಿ. ನನ್ ಮಾತು ಅವ್ರ ಎದೆಗೆ ತಾಗ್ತು, ಹೊಟ್ಟೆಗೆ ಹಾಕ್ದೆ ಕಳಿಸ್ದೆ, ನಾನೇ ಕೊಂದೆ ಅಂತ. ಅತ್ತೆ ಮುಖ ನೋಡಕ್ಕಾಗಲ್ಲ ನಂಗೆ. ಕವನಾ ಒಳಗಿಂದ ಎಲ್ಲ ಕೇಳಿಸ್ಕೊಂಡಿದ್ಳು. ಅವ್ಳು ನನ್ ಜೊತೆ ಸರಿಯಾಗಿ ಮಾತಾಡಲ್ಲ. ಯಾಕೆ ದೊಡ್ಡಮ್ಮನ ಮನೆಗೆ ಹೋದ್ಳು ಅಂದ್ಕೊಂಡ್ರಿ? ನೀವು ವಾರವಾರ ಬಂದು ಈ ಕಟ್ಟೆ ಮೇಲೆ ಕೂತು ಕಾಫಿ ಕುಡಿದ್ರಿ. ನನ್ನ ನೋಡ್ತಾನೇ ಇದ್ರಿ."

"ನಂಗೆ ಗೊತ್ತಿರ್ಲಿಲ್ಲ ವಾಣಿ."

"ಅವ್ರು ನಿಮ್ಗೆ ಬಾಯಿಬಿಟ್ಟು ಹೇಳಿದ್ರು. ಇಳಿಸು ಅಂದ್ರು. ಅದು ಗೊತ್ತಿತ್ತಲ್ಲ."

ಕ್ಷಮಿಸಿ ಅಂದೆ. ಆ ಪದ ನನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು.

"ಆಟದಲ್ಲಿ ಆಗಿದ್ದು ಇರ್ಲಿ," ಅಂದಳು ವಾಣಿ. "ಆ ಹೊತ್ತಿಗೆ ಯಾರಿಗೂ ಹೊಳೆಯಲ್ಲ. ನಾನಿದ್ರೂ ಗ್ಯಾಸು ಅಂತಿದ್ನೇನೋ. ಆದ್ರೆ ಆಸ್ಪತ್ರೇಲಿ ನಾನು ನಿಮ್ಮನ್ನ ಕೇಳಿದ್ನಲ್ಲ. ಆಗ್ಲೇ ಹೇಳಿದ್ರೆ..." ಮಾತು ಅಲ್ಲಿಗೆ ನಿಲ್ಲಿಸಿದಳು. ಎದ್ದು ನಿಂತಳು. "ಇನ್ಮೇಲೆ ಈ ಮನೆಗೆ ಬರ್ಬೇಡಿ."

ಒಳಗಿನಿಂದ ಪುಷ್ಪಮ್ಮ "ಯಾರು ಬಂದಿರೋದು ವಾಣಿ? ಪ್ರಸಾದನಾ? ಕಾಫಿ ಕೊಡೇ" ಅಂದಳು. ವಾಣಿ ಬಗ್ಗಿ ಮೊರ ಎತ್ತಿಕೊಂಡಳು. ನಾನು ಹಿತ್ತಿಲ ಕಡೆಯಿಂದಲೇ ರಸ್ತೆಗೆ ಬಂದೆ.

ಅವಳು ಯಾರಿಗೆ ಎಷ್ಟು ಹೇಳಿದಳೋ ತಿಳಿಯದು. ಒಂದು ತಿಂಗಳ ನಂತರ ಸಿದ್ದು ಫೋನ್ ಮಾಡಿದ. "ನೀರು ಕೇಳ್ದ ಅಂದಿದ್ಯಲ್ಲೋ ನಂಗೆ," ಅಂದ. "ರ‍್ಯಾಕೆಟ್ ಹಿಡ್ಕೊಂಡು ಅಲ್ಲೇ ನಿಂತಿದ್ದೆ ನಾನು. ಹತ್ತು ಅಡಿ ದೂರದಲ್ಲಿ. ಕರೆದಿದ್ರೆ ಸಾಕಿತ್ತು." ಅವನು ಅಳುತ್ತಿದ್ದ. ಆಮೇಲೆ ಅವನು ಫೋನ್ ಮಾಡಿಲ್ಲ. ತಂಡದ ವಾಟ್ಸಾಪ್ ಗ್ರೂಪಿನಿಂದ ಯಾರೂ ನನ್ನನ್ನು ತೆಗೆಯಲಿಲ್ಲ. ಅವರೆಲ್ಲ ಬೇರೆ ಗ್ರೂಪ್ ಮಾಡಿಕೊಂಡಿದ್ದಾರೆ ಅಂತ ಮಧುಸೂದನನಿಂದ ತಿಳಿಯಿತು. ಭಾನುವಾರಗಳಲ್ಲಿ ಈಗ ನಾನು ಬೆಳಗ್ಗೆ ತರಕಾರಿ ತಂದು, ಪೇಪರ್ ಓದಿ, ಮಧ್ಯಾಹ್ನ ಮಲಗುತ್ತೇನೆ. ನಿದ್ದೆ ಹಗಲಲ್ಲಿ ಬರುತ್ತದೆ.

ವಾಣಿ ಕವನಾಗೆ ಹೇಳಿದ್ದಳು ಅಂತ ಕಾಣುತ್ತದೆ. ಜೂನ್‌ನಲ್ಲಿ ಆ ಹುಡುಗಿ ಪಿಯುಸಿಗೆ ಸೇರಿದ್ದು ನಮ್ಮ ಕಾಲೇಜಿಗಲ್ಲ, ಬೇರೆ ಕಡೆಗೆ. ಒಂದು ದಿನ ಗೋಪಿ ಸರ್ಕಲ್ಲಿನಲ್ಲಿ ತಾಯಿ ಮಗಳು ಒಂದೇ ಕೊಡೆಯ ಕೆಳಗೆ ರಸ್ತೆ ದಾಟುತ್ತಿದ್ದರು. ಕವನಾ ಅಮ್ಮನ ತೋಳು ಹಿಡಿದುಕೊಂಡು ಏನೋ ಹೇಳುತ್ತಿದ್ದಳು. ವಾಣಿ ಕೇಳುತ್ತಿದ್ದಳು. ಅವರು ನನ್ನನ್ನು ನೋಡಲಿಲ್ಲ, ಅಥವಾ ನೋಡಿಯೂ ನೋಡದ ಹಾಗೆ ಹೋದರು. ನಾನು ಒಂದು ಮೆಡಿಕಲ್ ಸ್ಟೋರಿನ ಮೆಟ್ಟಿಲು ಹತ್ತಿ, ಬೇಕಿಲ್ಲದ ಏನನ್ನೋ ಕೇಳಿ ತೆಗೆದುಕೊಂಡೆ.

ಈ ವರ್ಷದ ದಸರಾ ಬಂತು. ಕಾಲೇಜಿಗೆ ಹದಿನೈದು ದಿನ ರಜೆ. ಶ್ರೀಗೌರಿ ಅಮ್ಮನ ಮನೆಗೆ ಹೋಗೋಣ ಅಂದಳು, ನಾನು ಬರುವುದಿಲ್ಲ ಅಂದೆ. ಅವಳು ಒಬ್ಬಳೇ ಹೋದಳು. ಟೂರ್ನಮೆಂಟಿಗೆ ಈ ಸಲ ರೂಪೇಶನ ಹೆಸರಿಟ್ಟಿದ್ದಾರೆ ಅಂತ ಕೇಳಿದ್ದೆ. ನನಗೆ ಕರೆ ಇರಲಿಲ್ಲ. ಇರಬೇಕು ಅಂತಲೂ ಇರಲಿಲ್ಲ. ಆಯುಧಪೂಜೆಯ ರಾತ್ರಿ ಹಾಲ್‌ನಲ್ಲಿ ಸದ್ದಿಲ್ಲದ ಮ್ಯಾಚ್ ನೋಡುತ್ತ ಕೂತಿದ್ದಾಗ, ಒಂದು ಗಂಟೆ ದಾಟಿತ್ತು, ಫೋನ್ ಬೆಳಗಿತು. ವಾಣಿಯ ಹೆಸರು. ಐದು ತಿಂಗಳ ಮೇಲೆ.

"ಎದ್ದಿದೀರಾ?" ಅಂದಳು.

"ಎದ್ದಿದೀನಿ."

"ಎದ್ದಿರ್ತೀರಿ ಅಂದ್ಕೊಂಡೆ." ಆ ಕಡೆ ಫ್ಯಾನ್ ತಿರುಗುವ ಸದ್ದು ಮಾತ್ರ. "ಒಂದು ಕೇಳ್ಬೇಕು. ಅವತ್ತು ಬೆಳಗ್ಗೆ ಸ್ಕೂಟರಲ್ಲಿ ಹೋಗ್ತಾ, ಅಥವಾ ಅಲ್ಲಿ, ಆಟದ ಮಧ್ಯೆ, ಅವ್ರು ನನ್ ಬಗ್ಗೆ ಏನಾದ್ರೂ ಅಂದ್ರಾ? ಜಗಳ ಆಯ್ತು ಅಂತ, ಇಲ್ಲ ನಾಳೆ ಹೋಗ್ಬೇಕು ಅಂತ... ಏನಾದ್ರೂ?"

ನಾನು ಫೋನನ್ನು ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡೆ. ಏನು ಹೇಳಿದರೆ ಅವಳು ಆ ರಾತ್ರಿ ಮಲಗುತ್ತಾಳೆ ಅಂತ ನನಗೆ ತಕ್ಷಣ ಗೊತ್ತಾಯಿತು. ವಾಕ್ಯಗಳು ತಾವಾಗಿ ಬಂದು ನಿಂತವು. ಹೆಂಡತಿಗೆ ಬೇಜಾರಾಗಿದೆ, ಸಂಜೆ ಸಮಾಧಾನ ಮಾಡ್ಬೇಕು ಅಂದ. ನಾಳೆ ಬೆಳಗಿನ ಬಸ್ಸಿಗೆ ಸಮುದ್ರಕ್ಕೆ ಹೋಗ್ತೀವಿ ಅಂದ. ಯಾವುದನ್ನು ಹೇಳಿದ್ದರೂ ಅವಳು ನಂಬುತ್ತಿದ್ದಳು. ಸಾಕ್ಷಿಗೆ ಬೇರೆ ಯಾರೂ ಇರಲಿಲ್ಲ.

"ಇಲ್ಲ ವಾಣಿ," ಅಂದೆ. "ಸ್ಕೂಟರಲ್ಲಿ ಸುಮ್ನೇ ಕೂತಿದ್ದ. ತಿಂಡಿ ಆಯ್ತಾ ಅಂತ ಕೇಳ್ದೆ, ಇಲ್ಲ ಅಂದ. ನಿಮ್ ಬಗ್ಗೆ ಏನೂ ಹೇಳ್ಲಿಲ್ಲ."

"ಜಗಳ ಆಯ್ತು ಅಂತ್ಲೂ?"

"ಇಲ್ಲ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಅವಳು ಅಳುತ್ತಿದ್ದಾಳೋ ಏನೋ ತಿಳಿಯಲಿಲ್ಲ.

"ಸರಿ," ಅಂದಳು. ಆಮೇಲೆ, "ನಾಳೆ ಬೆಳಗ್ಗೆ ಸಮಾಧಿ ಹತ್ರ ಪೂಜೆ ಇದೆ. ಎಂಟು ಗಂಟೆಗೆ. ಅತ್ತೆ ನಿಮ್ಮನ್ನ ಕೇಳ್ತಿರ್ತಾರೆ. ಅವ್ರಿಗೆ ನಾನೇನೂ ಹೇಳಿಲ್ಲ."

"ಬರ್ಲಾ?"

"ಅದು ನಿಮಗೆ ಬಿಟ್ಟಿದ್ದು. ಮನೆಗೆ ಬರ್ಬೇಡಿ."

ಫೋನ್ ಇಟ್ಟಳು. ನಾನು ಬೆಳಗಿನ ತನಕ ಕುರ್ಚಿಯಲ್ಲೇ ಕೂತಿದ್ದೆ. ಆರೂವರೆಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಹೊರಟೆ. ಸಮಾಧಿಯ ಹತ್ತಿರ ಏಳೆಂಟು ಜನ ಇದ್ದರು. ಸಿದ್ದು ನನ್ನನ್ನು ನೋಡಿ ಬೇರೆ ಕಡೆ ತಿರುಗಿದ. ಪುಷ್ಪಮ್ಮ ಮಾತ್ರ "ಬಾರಪ್ಪಾ ಪ್ರಸಾದು, ಎಷ್ಟು ದಿನ ಆಯ್ತು ನಿನ್ನ ನೋಡಿ, ಇಲ್ಲಿ ಬಾ" ಅಂತ ಕರೆದು ತನ್ನ ಪಕ್ಕ ನಿಲ್ಲಿಸಿಕೊಂಡಳು. ವಾಣಿ ಊದುಬತ್ತಿ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಎಲ್ಲರಿಗೂ ಹೂವು ಹಂಚಿದಾಗ ಕವನಾ ನನ್ನ ಮುಂದೆ ಬಂದು ಒಂದು ಕ್ಷಣ ನಿಂತಳು. ಆಮೇಲೆ ನನ್ನ ಕೈಗೂ ಒಂದು ಸೇವಂತಿಗೆ ಹಾಕಿ ಮುಂದೆ ಹೋದಳು.